ಇಬ್ಬರಿಗೂ 10.42, ಹೋಗಿದ್ದು ಒಬ್ಬನೇ

ನಮ್ಮ ಹಾಸ್ಟೆಲ್ ರೂಮಿನಲ್ಲಿ ನಾವು ಮೂವರು. ಒಬ್ಬ ಶಿರಸಿಯವ, ಒಬ್ಬ ಸಿದ್ದಾಪುರದವ, ಒಬ್ಬ ಯಲ್ಲಾಪುರದವ. ಹೈಸ್ಕೂಲಿನಲ್ಲಿ ಶಾಲೆ ಬೇರೆ ಬೇರೆ, ಆದರೆ ಮೂವರೂ ಗುಂಡು ಎಸೆತದವರು. ರೂಮ್ ಅಲಾಟ್ ಆದ ದಿನ ಸಿದ್ದಾಪುರದವನ ಮುಖ ನೋಡಿ ಯಲ್ಲಾಪುರದವ ಹೇಳಿದ ಮೊದಲ ಮಾತು, "ಓ, ನೀನಾ ಅವತ್ತು ನನ್ನ ಸೆಕೆಂಡ್ ಪ್ಲೇಸ್ ಹೊಡೆದಿದ್ದು?"

ಕಥೆ ಹತ್ತನೇ ಕ್ಲಾಸಿನದ್ದು. ಜಿಲ್ಲಾ ಮಟ್ಟದ ಪ್ರೌಢಶಾಲಾ ಕ್ರೀಡಾಕೂಟ. ಬೇರೆ ಊರಿನವರಿಗೆ ಇಲ್ಲೇ ಒಂದು ಗೊಂದಲ ಇರುತ್ತೆ. ಜಿಲ್ಲೆ ಉತ್ತರ ಕನ್ನಡ, ಕೇಂದ್ರ ಕಾರವಾರ. ಆದರೆ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಅದು ಎರಡು ಜಿಲ್ಲೆ. ಕರಾವಳಿಯದ್ದು ಕಾರವಾರ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಹಳಿಯಾಳ, ಜೋಯಿಡಾ ಸೇರಿ ಶಿರಸಿ ಶೈಕ್ಷಣಿಕ ಜಿಲ್ಲೆ. ಇಲ್ಲಿ ಗೆದ್ದರೆ ಬೆಳಗಾವಿ ವಿಭಾಗ, ಅಲ್ಲೂ ಗೆದ್ದರೆ ರಾಜ್ಯ.

ಅವತ್ತು ಎರಡನೇ ಸ್ಥಾನಕ್ಕೆ ಇಬ್ಬರದೂ 10.42 ಮೀಟರ್. ಮೈಕಿನಲ್ಲಿ ದ್ವಿತೀಯ ಅಂತ ಸಿದ್ದಾಪುರದವನ ಹೆಸರು, ತೃತೀಯ ಅಂತ ಯಲ್ಲಾಪುರದವನ ಹೆಸರು. ಒಬ್ಬ ವಿಭಾಗಕ್ಕೆ ಹೋದ, ಇನ್ನೊಬ್ಬ ಊರಿನ ಬಸ್ ಹತ್ತಿದ. ಏನೋ ಮೋಸ ಆಗಿದೆ ಅಂತ ಅವನು ಇಷ್ಟು ವರ್ಷ ನಂಬಿಕೊಂಡೇ ಬಂದಿದ್ದ. ಈ ಸೆಮಿಸ್ಟರ್‌ನಲ್ಲಿ ಮೂವರೂ ಕೂತು ಅಥ್ಲೆಟಿಕ್ಸ್ ನಿಯಮ ಓದಿದೆವು. ಮೊದಲೇ ಯಾಕೆ ಓದಲಿಲ್ಲ ಅಂತ ಕೇಳಬೇಡಿ.

ನಿಯಮ ಸರಳ. ಅತಿ ದೂರದ ಎಸೆತ ಸಮವಾದರೆ ಇಬ್ಬರ ಎರಡನೇ ಅತ್ಯುತ್ತಮ ಎಸೆತ ನೋಡುತ್ತಾರೆ. ಅದೂ ಸಮವಾದರೆ ಮೂರನೆಯದು. ನಮಗೆ ಮೂರು ಎಸೆತ ಕೊಟ್ಟಿದ್ದರು. ಸಿದ್ದಾಪುರದವನದು 10.15, 10.42, 9.98. ಯಲ್ಲಾಪುರದವನದು 10.42, ಫೌಲ್, ಫೌಲ್. ಇವನಿಗೆ ಎರಡನೇ ಎಸೆತ ಅಂತಲೇ ಇಲ್ಲ. ಮುಗೀತು.

ಆ ಎರಡು ಫೌಲ್ ಹೇಗಾಯ್ತು ಅನ್ನೋದು ಇನ್ನೂ ಮಜಾ. ಎರಡನೇ ಎಸೆತ ಬಹಳ ದೂರ ಬಿತ್ತಂತೆ. ಖುಷಿಯಲ್ಲಿ ಮುಂದಿನಿಂದಲೇ ಹೊರಗೆ ನಡೆದುಬಿಟ್ಟ. ಗುಂಡು ನೆಲಕ್ಕೆ ಬಿದ್ದ ಮೇಲೆ ವೃತ್ತದ ಹಿಂದಿನ ಅರ್ಧದಿಂದ ಹೊರಬರಬೇಕು, ಇಲ್ಲದಿದ್ದರೆ ಎಷ್ಟು ದೂರ ಬಿದ್ದರೂ ಲೆಕ್ಕಕ್ಕಿಲ್ಲ. ಮೂರನೆಯದರಲ್ಲಿ ಪಾದ ಮುಂದಿನ ಮರದ ಹಲಗೆಯ ಮೇಲೆ ಹೋಯಿತು. 10 ಸೆಂಟಿಮೀಟರ್ ಎತ್ತರದ ಆ ಹಲಗೆಯ ಒಳಮೈಗೆ ಪಾದ ಒತ್ತಿ ನಿಂತರೆ ತಪ್ಪಿಲ್ಲ, ಮೇಲ್ಭಾಗ ಮುಟ್ಟಿದರೆ ಫೌಲ್. ಇದು ಅವನಿಗೆ ಗೊತ್ತಿರಲಿಲ್ಲ. ಅವನ ಶಾಲೆಯಲ್ಲಿ ಹಲಗೆಯೇ ಇರಲಿಲ್ಲ, ಸುಣ್ಣದ ಪುಡಿಯಲ್ಲಿ ಎಳೆದ ವೃತ್ತ ಅಷ್ಟೇ.

ಇನ್ನು ಆ 10.42 ನಿಜವಾಗಿ ಸಮವೇ? ಟೇಪಿನ ಸೊನ್ನೆಯನ್ನು ಗುಂಡು ಬಿದ್ದ ಗುರುತಿನ ಹತ್ತಿರದ ಅಂಚಿಗೆ ಹಿಡಿದು, ಟೇಪನ್ನು ವೃತ್ತದ ಮಧ್ಯಬಿಂದುವಿನ ಮೇಲೆ ಹಾಯಿಸಿ, ಹಲಗೆಯ ಒಳ ಅಂಚಿನಲ್ಲಿ ಓದುತ್ತಾರೆ. ಪೂರ್ತಿ ಸೆಂಟಿಮೀಟರ್ ಆಗದಿದ್ದರೆ ಕೆಳಗಿನ ಸಂಖ್ಯೆಗೇ ಇಳಿಸುತ್ತಾರೆ. ಅಂದರೆ 10.421 ಕೂಡ 10.42, 10.429 ಕೂಡ 10.42. ಇವರಿಬ್ಬರಲ್ಲಿ ಯಾರೋ ಒಬ್ಬ ಕೆಲವು ಮಿಲಿಮೀಟರ್ ಮುಂದಿದ್ದಿರಬಹುದು. ಈ ವಾಕ್ಯ ಓದಿದ ರಾತ್ರಿ ರೂಮಿನಲ್ಲಿ ಯಾರೂ ಬೇಗ ಮಲಗಲಿಲ್ಲ.

ಶಿರಸಿಯವನ ಕಥೆ ಬೇರೆ. ಅವನು ಶಾಲೆಯಲ್ಲಿ 12 ಮೀಟರ್ ಎಸೆಯುತ್ತಿದ್ದ, ಕೂಟದಲ್ಲಿ 10 ಕೂಡ ದಾಟಲಿಲ್ಲ. ಕಾರಣ ಗುಂಡಿನ ತೂಕ. ಅಭ್ಯಾಸಕ್ಕೆ ಸಿಕ್ಕಿದ್ದು 4 ಕೆಜಿ ಗುಂಡು, ಕೂಟದಲ್ಲಿ ಕೈಗೆ ಬಂದಿದ್ದು 5 ಕೆಜಿ. ಅಂತರರಾಷ್ಟ್ರೀಯ ನಿಯಮದಲ್ಲಿ 18ರೊಳಗಿನ ಹುಡುಗರಿಗೆ 5, 20ರೊಳಗಿನವರಿಗೆ 6, ದೊಡ್ಡವರಿಗೆ 7.26 ಕೆಜಿ. ತಜಿಂದರ್‌ಪಾಲ್ ಸಿಂಗ್ ತೂರ್ 2023ರಲ್ಲಿ ಭುವನೇಶ್ವರದಲ್ಲಿ 21.77 ಮೀಟರ್ ಎಸೆದದ್ದು ಈ 7.26 ಕೆಜಿಯಲ್ಲಿ. ತೂಕ ಹೇಳದೆ ಬರೀ ದೂರ ಹೇಳಿದರೆ ಏನೂ ಹೇಳಿದಂತಲ್ಲ.

ಈಗ ನಮ್ಮ ಬ್ರಾಂಚಿನ ವಿಷಯಕ್ಕೆ ಬರೋಣ. ಪ್ರೊಜೆಕ್ಟೈಲ್ ಅಂದ ತಕ್ಷಣ ಎಲ್ಲರೂ 45 ಡಿಗ್ರಿ ಅಂತಾರೆ. ಅದು ನೆಲದಿಂದ ಹೊರಟು ಅದೇ ಮಟ್ಟದ ನೆಲಕ್ಕೆ ಬಿದ್ದರೆ. ಗುಂಡು ಹೊರಡುವುದು ಭುಜದ ಮೇಲಿನಿಂದ. ಎತ್ತರ 1.8 ಮೀಟರ್, ವೇಗ ಸೆಕೆಂಡಿಗೆ 9.2 ಮೀಟರ್ ಅಂತ ಇಟ್ಟುಕೊಂಡರೆ (ಕೈ ಹಲಗೆಗಿಂತ ಸ್ವಲ್ಪ ಮುಂದೆ ಚಾಚುವುದನ್ನು ಬಿಟ್ಟಿದ್ದೇವೆ) ಒಳ್ಳೆಯ ಕೋನ ಸುಮಾರು 40 ಡಿಗ್ರಿ, ದೂರ 10.28 ಮೀಟರ್. ಅದೇ ವೇಗದಲ್ಲಿ 35 ಡಿಗ್ರಿಗೆ ಎಸೆದರೆ 10.17. ನಷ್ಟ ಬರೀ 11 ಸೆಂಟಿಮೀಟರ್. ಆದರೆ ವೇಗ ಶೇ. 5 ಹೆಚ್ಚಾದರೆ ದೂರ 11.18 ಆಗುತ್ತೆ, ಹತ್ತಿರ ಹತ್ತಿರ 90 ಸೆಂಟಿಮೀಟರ್ ಲಾಭ. ಮೇಲಕ್ಕೆ ಎಸೆದಷ್ಟೂ ಕೈಯ ವೇಗ ಕಡಿಮೆಯಾಗುವುದರಿಂದ ದೊಡ್ಡ ಆಟಗಾರರು 40ಕ್ಕಿಂತ ಕೆಳಗೇ ಬಿಡುತ್ತಾರೆ. ನಮ್ಮ ಪಿ.ಇ. ಸರ್ "ಮೇಲೆ ನೋಡು, ಮೇಲೆ ನೋಡು" ಅಂತ ಕೂಗ್ತಿದ್ದರು. ಕಾಲು ನೋಡು ಅಂದಿದ್ದರೆ ಹೆಚ್ಚು ಲಾಭ ಇತ್ತೇನೋ.

ಯಾಕಂದರೆ ವೇಗ ಬರುವುದು ಕಾಲಿನಿಂದ. ಕನ್ನಡದಲ್ಲಿ ಎಸೆತ ಅಂತೀವಿ, ಆದರೆ ಗುಂಡನ್ನು ಎಸೆಯೋ ಹಾಗೇ ಇಲ್ಲ. ಕುತ್ತಿಗೆಗೆ ಒತ್ತಿಟ್ಟುಕೊಂಡು ಒಂದೇ ಕೈಯಲ್ಲಿ ದೂಡಬೇಕು. 1950ರ ದಶಕದಲ್ಲಿ ಅಮೆರಿಕದ ಪ್ಯಾರಿ ಓಬ್ರಿಯನ್ ಎಸೆಯುವ ದಿಕ್ಕಿಗೆ ಬೆನ್ನು ಹಾಕಿ ನಿಂತು, ಹಿಂದಕ್ಕೆ ಜಾರುತ್ತಾ ಬಂದು ತಿರುಗಿ ದೂಡುವುದನ್ನು ಶುರುಮಾಡಿದ. 1954ರಲ್ಲಿ 60 ಅಡಿ ದಾಟಿದ ಮೊದಲಿಗ ಅವನೇ. ಗುಂಡಿನ ಮೇಲೆ ಬಲ ಹಾಕುವ ದಾರಿ ಉದ್ದವಾದಷ್ಟೂ ವೇಗ ಹೆಚ್ಚು, ಇಷ್ಟೇ ಅದರ ಗುಟ್ಟು. ಆದರೆ ಹಾಗೆ ಜಾರಲು 2.135 ಮೀಟರ್ ವ್ಯಾಸದ ಗಟ್ಟಿ ವೃತ್ತ ಬೇಕು. ನಮ್ಮ ಕಡೆ ಕ್ರೀಡಾಕೂಟ ಬರೋದು ಮಳೆಗಾಲದಲ್ಲಿ. ಕೆಂಪು ಮಣ್ಣು ಕೆಸರಾಗಿರುತ್ತೆ. ಜಾರಲು ಹೋದರೆ ನಾವೇ ಜಾರಿ ಬೀಳ್ತೀವಿ, ಹಾಗಾಗಿ ಮೂವರೂ ಕಲಿತಿದ್ದು ನಿಂತಲ್ಲೇ ದೂಡೋದು. ಸಿದ್ದಾಪುರದವ ವಿಭಾಗ ಮಟ್ಟದಲ್ಲಿ ಸಿಮೆಂಟಿನ ವೃತ್ತ ನೋಡಿದ್ದೇ ಮೊದಲ ಸಲ. ಅಲ್ಲಿ ಉಳಿದ ಹುಡುಗರೆಲ್ಲ ಹಿಂದಿನಿಂದ ಜಾರಿ ಬಂದು ದೂಡುತ್ತಿದ್ದರಂತೆ. ಇವನು ಎಂಟನೆಯವನಾದ. ಅದನ್ನು ಯಲ್ಲಾಪುರದವನಿಗೆ ಹೇಳಿದ್ದು ಮೊನ್ನೆ ಮೊನ್ನೆ.

ಕಾಲೇಜಿನ ಸ್ಪೋರ್ಟ್ಸ್ ಡೇಗೆ ಮೂವರೂ ಹೆಸರು ಕೊಟ್ಟಿದ್ದೇವೆ. ಈ ಸಲ 7.26 ಕೆಜಿ. ಸಂಜೆ ಸಿಮೆಂಟಿನ ಬ್ಯಾಸ್ಕೆಟ್‌ಬಾಲ್ ಕೋರ್ಟಿನ ಮೂಲೆಯಲ್ಲಿ, ಗುಂಡಿಲ್ಲದೆ, ಜಾರುವುದನ್ನು ಕಲಿಯುತ್ತಿದ್ದೇವೆ. ನೋಡಿದವರು ನಗ್ತಾರೆ. ಯಲ್ಲಾಪುರದವ ಮಾತ್ರ ಮೊದಲ ಎರಡು ಎಸೆತ ನಿಂತಲ್ಲೇ ದೂಡಿ, ಹಿಂದಿನಿಂದ ನಿಧಾನ ಹೊರಬರುತ್ತಾನಂತೆ.