ಅಜ್ಜಿಯ ಗಂಧದ ಮಣಿ, ಹಿತ್ತಲಿನ ಗಂಧದ ಸಸಿ

ಹೋದ ಬೇಸಿಗೆ ರಜೆಯಲ್ಲಿ ಮೊಮ್ಮಗಳು ಹಳೆಯ ಟ್ರಂಕು ಕೆದಕುತ್ತಾ ಒಂದು ತಗಡಿನ ಡಬ್ಬಿ ಹೊರತೆಗೆದಳು. ಅದರೊಳಗೆ ನನ್ನ ಅಜ್ಜಿಯ ಜಪಮಾಲೆ ಇತ್ತು. ಮೂಗಿಗೆ ಹಿಡಿದು ನೋಡಿ, "ತಾತ, ಗಂಧದ ಮಣಿ ಅಂತೀರಿ, ವಾಸನೆಯೇ ಇಲ್ಲವಲ್ಲ!" ಎಂದಳು.

"ಅಂಗೈಯಲ್ಲಿ ಉಜ್ಜುತ್ತಾ ಮಣಿಗಳನ್ನು ಎಣಿಸು" ಎಂದೆ. ನೂರೆಂಟು ಎಣಿಸಿ ಮುಷ್ಟಿ ಬಿಚ್ಚಿದಳು. ಮತ್ತೆ ಮೂಗಿಗೆ ಹಿಡಿದಾಗ ಅವಳ ಮುಖ ಅರಳಿತು.

ಬಿಳಿಗಿರಿರಂಗನ ವೈಶಾಖದ ದೊಡ್ಡ ಜಾತ್ರೆಗೆ ಯಳಂದೂರಿನಿಂದ ಗಾಡಿ ಕಟ್ಟಿಕೊಂಡು ಹೋಗಿದ್ದಾಗ ಅಜ್ಜಿ ಕೊಂಡು ತಂದ ಮಾಲೆ ಅದು. ದಿನಾ ದೀಪ ಹಚ್ಚಿದ ಮೇಲೆ ಜಪಕ್ಕೆ ಕೂರುತ್ತಿದ್ದರು. "ಮಣಿಗೆ ಮೈಬಿಸಿ ತಾಕಬೇಕು ಕಣಪ್ಪ, ಆಗಲೇ ಅದು ಮಾತಾಡೋದು" ಎನ್ನುತ್ತಿದ್ದರು.

ಮಕ್ಕಳೇ, ಈ ಗುಟ್ಟು ಚೀನಾದವರಿಗೂ ಗೊತ್ತಿತ್ತು. ಆದರೆ ಅವರ ಸುಗಂಧದ ಮಣಿ ಮರವನ್ನು ಕಡೆದು ಮಾಡಿದ್ದಲ್ಲ. ಗಂಧ, ಅಗರು, ಲವಂಗ, ದಾಲ್ಚಿನ್ನಿ, ಕಸ್ತೂರಿಯಂಥ ಪದಾರ್ಥಗಳನ್ನು ನುಣ್ಣಗೆ ಪುಡಿ ಮಾಡಿ, ಒಂದು ಗಡ್ಡೆಯ ಅಂಟನ್ನೋ ಜೇನುತುಪ್ಪವನ್ನೋ ಬೆರೆಸಿ, ನಾವು ಚಪಾತಿ ಹಿಟ್ಟು ನಾದಿದ ಹಾಗೆ ನಾದುತ್ತಾರೆ. ಪುಟ್ಟ ಉಂಡೆ ಕಟ್ಟಿ, ಹಸಿ ಆರುವ ಮೊದಲೇ ಸೂಜಿಯಿಂದ ತೂತು ಮಾಡಿ, ನೆರಳಲ್ಲಿ ನಿಧಾನವಾಗಿ ಒಣಗಿಸುತ್ತಾರೆ. ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ, ಪರಿಮಳವೂ ಹಾರಿಹೋಗುತ್ತದೆ.

ನಮ್ಮ ಮೈಸೂರು, ಬೆಂಗಳೂರಿನ ಊದುಬತ್ತಿಯ ಕಥೆಯೂ ಹೆಚ್ಚುಕಡಿಮೆ ಇದೇ. ಸುಗಂಧದ ಪುಡಿಗೆ ಮರದ ತೊಗಟೆಯಿಂದ ಬರುವ ಜಿಗಟು ಸೇರಿಸಿ, ಬಿದಿರು ಕಡ್ಡಿಗೆ ಹೊಸೆಯುತ್ತಾರೆ. ನಮ್ಮದು ಉರಿದು ಪರಿಮಳ ಕೊಡುತ್ತದೆ. ಅವರದು ಉರಿಸದ ಊದುಬತ್ತಿ, ಮೈಬಿಸಿಗೇ ಪರಿಮಳ ಬಿಡುತ್ತದೆ.

ಚೀನಾದಲ್ಲಿ ಸುಂಗ್ ರಾಜವಂಶದ ಕಾಲದ ಹೊತ್ತಿಗೇ ಸುಗಂಧ ತಯಾರಿಕೆಯ ಗ್ರಂಥಗಳಿದ್ದವು. ಬೌದ್ಧರು 108 ಮಣಿಗಳ ಮಾಲೆಯಲ್ಲಿ ಜಪ ಮಾಡುತ್ತಿದ್ದರು. ಚಿಂಗ್ ರಾಜವಂಶದ ಕಾಲದಲ್ಲಿ 18 ಮಣಿಗಳ ಕಿರುಮಾಲೆಯನ್ನು ಅಂಗಿಯ ಗುಂಡಿಗೆ ತೂಗುಹಾಕಿಕೊಳ್ಳುವುದು ದೊಡ್ಡವರ ಮನೆಯ ರೂಢಿಯಾಗಿತ್ತು. ಅವರ ಐದನೇ ತಿಂಗಳ ಐದನೇ ದಿನ, ಸೆಕೆಯೂ ಹುಳುಹುಪ್ಪಟೆಯೂ ಹೆಚ್ಚುವ ಹೊತ್ತಿಗೆ, ಒಂದು ಹಬ್ಬ ಬರುತ್ತದೆ. ಪರಿಮಳ ಹತ್ತಿರವಿದ್ದರೆ ರೋಗ ಸುಳಿಯದು ಎಂಬ ನಂಬಿಕೆಯಿಂದ ಆಗ ಸುಗಂಧದ ಚೀಲಗಳನ್ನೂ ಮಣಿಗಳನ್ನೂ ಉಡುಗೊರೆ ಕೊಡುತ್ತಿದ್ದರು. ಹದಿನೆಂಟನೇ ಶತಮಾನದ 'ಕೆಂಪು ಮಹಲಿನ ಕನಸು' ಎಂಬ ಅವರ ಪ್ರಸಿದ್ಧ ಕಾದಂಬರಿಯಲ್ಲಿ, ಅರಮನೆ ಸೇರಿದ ಮಗಳು ಈ ಹಬ್ಬಕ್ಕೆ ತವರಿಗೆ ಕಸ್ತೂರಿ ಮಣಿಯ ಸರಗಳನ್ನು ಕಳುಹಿಸುತ್ತಾಳೆ.

ಗಂಧಕ್ಕೆ ಚೀನೀಯರ ಹಳೆಯ ಹೆಸರು 'ಝಾನ್‌ತಾನ್'. ಎರಡು ಸಲ ಹೇಳಿ ನೋಡಿ. ಅದು ನಮ್ಮ 'ಚಂದನ'ವೇ! ಬೌದ್ಧ ಗ್ರಂಥಗಳ ಜೊತೆ ಆ ಮಾತು ಅಲ್ಲಿಗೆ ಹೋಯಿತು. ಮಾತಿನ ಜೊತೆ ಮರವೂ ಹೋಯಿತು. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಮೈಸೂರು ಸೀಮೆಯ ಶ್ರೀಗಂಧ ಹಡಗೇರಿ ಚೀನಾದ ಕ್ಯಾಂಟನ್ ಬಂದರಿಗೆ ಹೋಗುತ್ತಿತ್ತು. ಅಲ್ಲಿನ ಯಾವುದೋ ಮಣಿಯಲ್ಲಿ ನಮ್ಮ ಸೀಮೆಯ ಗಂಧದ ಪುಡಿಯೂ ಬೆರೆತಿರಬಹುದು.

ಇಷ್ಟು ಹೇಳುವಷ್ಟರಲ್ಲಿ ಮೊಮ್ಮಗಳು, "ಹಾಗಾದರೆ ನಮ್ಮ ಹಿತ್ತಲಲ್ಲಿ ಗಂಧದ ಮರ ಯಾಕಿಲ್ಲ ತಾತ?" ಎಂದು ಕೇಳಿಬಿಟ್ಟಳು.

ಉತ್ತರ ಹೇಳಲು ನನಗೆ ಸ್ವಲ್ಪ ನಾಚಿಕೆಯಾಯಿತು. ಗಂಧದ ಹಣ್ಣು ತಿಂದ ಹಕ್ಕಿಗಳು ಬೀಜ ಉದುರಿಸಿ ನಮ್ಮ ಬೇಲಿಯಲ್ಲೂ ಸಸಿ ಏಳುತ್ತಿದ್ದವು. ನನ್ನ ತಾತ ಕಂಡ ತಕ್ಷಣ ಕಿತ್ತೆಸೆಯುತ್ತಿದ್ದರು. ಅವರ ಮಾತು ಕೇಳಿ ನಾನೂ ಕಿತ್ತಿದ್ದೇನೆ. ದೇವರ ಮನೆಯಲ್ಲಿ ಗಂಧ ತೇಯುತ್ತಿದ್ದ ಮನೆಯಲ್ಲೇ ಹೀಗೆ!

ಕಾರಣ ಭಯ. 1792ರಲ್ಲಿ ಟಿಪ್ಪು ಸುಲ್ತಾನ್ ಗಂಧವನ್ನು ರಾಜವೃಕ್ಷವೆಂದು ಸಾರಿದ. ಆಮೇಲೆ ಬಂದವರೂ ಆ ಪದ್ಧತಿ ಬಿಡಲಿಲ್ಲ. ಮೊದಲನೇ ಮಹಾಯುದ್ಧದಲ್ಲಿ ಗಂಧದ ರಫ್ತು ನಿಂತಾಗ, 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಗಂಧದೆಣ್ಣೆ ಕಾರ್ಖಾನೆ ತೆರೆಯಿತು. ನಾಡಿಗೆ ಹೆಸರು ಬಂತು. ಆದರೆ ನಿಮ್ಮ ಜಮೀನಿನಲ್ಲಿ ಬೆಳೆದ ಗಂಧವೂ ಸರ್ಕಾರದ್ದೇ ಆಗಿತ್ತು. ಕಳ್ಳ ಕಡಿದರೆ ವಿಚಾರಣೆ ಮಾತ್ರ ನಿಮಗೆ. ಲಾಭವಿಲ್ಲದ, ತಂಟೆ ಮಾತ್ರ ಇರುವ ಖಾತೆಯನ್ನು ಯಾರು ತೆರೆಯುತ್ತಾರೆ?

ಗಂಧದ ಪರಿಮಳವಿರುವುದು ಮರದ ತಿರುಳಿನಲ್ಲಿ ಮತ್ತು ಬೇರಿನಲ್ಲಿ. ಹಾಗಾಗಿ ಕಳ್ಳರು ಬುಡಸಮೇತ ಕೀಳುತ್ತಾರೆ. ನಮ್ಮ ಕೊಳ್ಳೇಗಾಲ, ಹನೂರು ಕಡೆಯ ಕಾಡುಗಳಲ್ಲಿ ವೀರಪ್ಪನ್ ಕಾಲದಲ್ಲಿ ಮರಗಳ ಜೊತೆ ಜೀವಗಳೂ ಹೋದವು.

ಅದೇ ಬೆಟ್ಟದಲ್ಲಿ ಭಾರ್ಗವಿ ಹೊಳೆಯ ದಡದಲ್ಲಿ ದೊಡ್ಡ ಸಂಪಿಗೆ ನಿಂತಿದೆ. ಅದಕ್ಕೆ ನೂರಾರು ವರ್ಷ ವಯಸ್ಸು. ಅದೂ ಪರಿಮಳದ ಮರವೇ. ಸೋಲಿಗರಿಗೆ ಅದು ದೇವರು, ಬೆಟ್ಟದ ರಂಗನಾಥ ತಮ್ಮ ಹುಡುಗಿಯನ್ನು ಮದುವೆಯಾದ ಭಾವ. ತಮ್ಮದು ಎಂದುಕೊಂಡವರು ಕಾದ ಮರ ಉಳಿಯಿತು. ನಮ್ಮದಲ್ಲ ಎಂದು ನಾವು ಕಿತ್ತ ಮರ ಉಳಿಯಲಿಲ್ಲ.

2001ರಲ್ಲಿ ಕಾಯಿದೆ ಬದಲಾಯಿತು. ಈಗ ಜಮೀನಿನ ಗಂಧ ಜಮೀನುದಾರನದೇ. ಕಡಿಯಲು, ಸಾಗಿಸಲು ಮಾತ್ರ ಅರಣ್ಯ ಇಲಾಖೆಯ ಅನುಮತಿ ಬೇಕು.

ಮೊಮ್ಮಗಳು ಹಟ ಹಿಡಿದಳು. ನರ್ಸರಿಯಿಂದ ಸಸಿ ತಂದೆವು. ಪಕ್ಕದಲ್ಲೇ ತೊಗರಿ ಬಿತ್ತಿದೆವು. ಯಾಕೆ ಗೊತ್ತೇ? ಗಂಧದ ಬೇರು ನೆರೆಯ ಗಿಡದ ಬೇರಿನಿಂದಲೂ ಆಹಾರ ಪಡೆಯುತ್ತದೆ. ಒಂಟಿಯಾಗಿ ನೆಟ್ಟರೆ ಸೊರಗುತ್ತದೆ. ತೊಗರಿ ಮುಗಿದ ಮೇಲೆ ಇನ್ನೊಂದು ದೊಡ್ಡ ಗಿಡದ ಆಸರೆ ಬೇಕು.

ಒಳ್ಳೆಯ ತಿರುಳು ಕಟ್ಟಲು ಇಪ್ಪತ್ತು ಮೂವತ್ತು ವರ್ಷ ಬೇಕು. ನನಗೀಗ ಎಪ್ಪತ್ತನಾಲ್ಕು. ಈ ಲೆಕ್ಕದಲ್ಲಿ ನನ್ನ ಪಾಲಿಗೆ ಬರುವುದು ನೀರು ಹಾಕುವ ಕೆಲಸವಷ್ಟೇ. ಮೊಮ್ಮಗಳಿಗೆ ಹನ್ನೊಂದು. ಈ ಸಲ ಊರಿಗೆ ಹೊರಟಾಗ ಮಾಲೆಯನ್ನು ಅವಳಿಗೇ ಕೊಟ್ಟೆ, ಡಬ್ಬಿಯನ್ನು ಕೊಡಲಿಲ್ಲ. ಡಬ್ಬಿಯಲ್ಲಿಟ್ಟರೆ ಅದಕ್ಕೆ ಮೈಬಿಸಿ ಎಲ್ಲಿಂದ ಬರಬೇಕು?

ಪ್ರತಿ ಭಾನುವಾರ ಫೋನಿನಲ್ಲಿ ಅವಳ ಮೊದಲ ಪ್ರಶ್ನೆ ನನ್ನ ಆರೋಗ್ಯದ್ದಲ್ಲ. "ತಾತ, ಎಷ್ಟು ಎಲೆ ಬಂತು?"

ಎಣಿಸಿಯೇ ಹೇಳುತ್ತೇನೆ.