ಒಬ್ಬ ವಿದ್ಯಾರ್ಥಿಗೆ ಒಂದೇ ದಾಖಲೆ

ಶಾಲೆಗೆ ಸೇರಿದ ಪ್ರತಿಯೊಂದು ಮಗುವಿಗೂ ಪ್ರವೇಶ ಪುಸ್ತಕದಲ್ಲಿ ಒಂದು ಸಂಖ್ಯೆ ದೊರೆಯುತ್ತದೆ. ಹೆಸರಿರುವಾಗ ಸಂಖ್ಯೆಯೇಕೆಂದು ಮಕ್ಕಳು ಕೇಳುವುದುಂಟು. ಉತ್ತರವನ್ನು ದೂರದಲ್ಲಿ ಅರಸಬೇಕಾಗಿಲ್ಲ. ಅಗಲ್ಪಾಡಿಯಂತಹ ನಮ್ಮ ಗಡಿನಾಡಿನ ಊರುಗಳಲ್ಲಿ ಒಂದೇ ಹೆಸರನ್ನು ಕನ್ನಡ, ಮಲೆಯಾಳ, ಇಂಗ್ಲಿಷ್ ಎಂಬ ಮೂರು ಲಿಪಿಗಳಲ್ಲಿ ಬರೆಯಬೇಕಾಗುತ್ತದೆ. ಒಂದೆಡೆ ‘ಕೆ. ಗಣೇಶ’ನಾದವನು ಇನ್ನೊಂದೆಡೆ ‘ಗಣೇಶ ಕೆ.’ ಆಗುತ್ತಾನೆ. ಇಬ್ಬರೂ ಒಬ್ಬನೇ ಎಂದು ಊರವರು ಬಲ್ಲರು. ಗಣಕಯಂತ್ರವು ತಾನಾಗಿ ಅರಿಯದು.

ಮಾಹಿತಿಯನ್ನು ಪರಸ್ಪರ ಸಂಬಂಧವುಳ್ಳ ಕೋಷ್ಟಕಗಳಲ್ಲಿಡುವ ಕ್ರಮವನ್ನು ಐಬಿಎಂ ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್ ಎಂಬ ವಿದ್ವಾಂಸರು 1970ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ನಿರೂಪಿಸಿದರು. ವಿದ್ಯಾರ್ಥಿವೇತನದ ಲೆಕ್ಕವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮೊದಲನೆಯ ಕೋಷ್ಟಕದಲ್ಲಿ ವಿದ್ಯಾರ್ಥಿಗಳ ವಿವರ. ಎರಡನೆಯದರಲ್ಲಿ ದತ್ತಿನಿಧಿಗಳ ವಿವರ. ಮೂರನೆಯದರಲ್ಲಿ ಯಾವ ವರ್ಷ ಯಾವ ನಿಧಿ ಯಾರಿಗೆ ಸಂದಿತೆಂಬುದು. ಈ ಮೂರನೆಯದರಲ್ಲಿ ಹೆಸರುಗಳಿರುವುದಿಲ್ಲ. ಸಂಖ್ಯೆಗಳು ಮಾತ್ರ ಇರುತ್ತವೆ. ಇಲ್ಲಿ ಒಂದೇ ನಮೂದು ಎರಡು ಸಲ ಬಿದ್ದರೆ ಒಂದು ಮಗುವಿಗೆ ಹಣವು ಇಮ್ಮಡಿಯಾಗಿ, ನಿಧಿಯು ಬರಿದಾಗಿ, ಅರ್ಹತೆಯುಳ್ಳ ಮತ್ತೊಂದು ಮಗು ಬರಿಗೈಯಲ್ಲಿ ಮರಳಬೇಕಾದೀತು.

‘ಬರೆಯುವ ಮೊದಲು ಹುಡುಕಿ ನೋಡಿದರೆ ಸಾಲದೇ?’ ಎಂದು ಕೇಳಬಹುದು. ಸಾಲದು. ಇಬ್ಬರು ಗುಮಾಸ್ತರು ಎರಡು ಯಂತ್ರಗಳ ಮುಂದೆ ಏಕಕಾಲದಲ್ಲಿ ಕುಳಿತಿರುವರೆಂದು ಭಾವಿಸಿರಿ. ಇಬ್ಬರೂ ಹುಡುಕುತ್ತಾರೆ, ಇಬ್ಬರಿಗೂ ‘ಇಲ್ಲ’ವೆಂಬ ಉತ್ತರ ಬರುತ್ತದೆ, ಇಬ್ಬರೂ ಬರೆಯುತ್ತಾರೆ. ಆದುದರಿಂದ ನಿಯಮವನ್ನು ಕೋಷ್ಟಕದಲ್ಲಿಯೇ ಸ್ಥಾಪಿಸಬೇಕು: ವಿದ್ಯಾರ್ಥಿಯ ಸಂಖ್ಯೆ, ನಿಧಿಯ ಸಂಖ್ಯೆ, ವರ್ಷ—ಈ ಮೂರೂ ಒಟ್ಟಾಗಿ ಎರಡನೆಯ ಸಲ ಬರಕೂಡದು. ಆಗ ಮೊದಲನೆಯ ನಮೂದು ನಿಲ್ಲುತ್ತದೆ. ಎರಡನೆಯದನ್ನು ಯಂತ್ರವೇ ತಿರಸ್ಕರಿಸುತ್ತದೆ. ವಿದ್ಯಾರ್ಥಿಯ ಸಂಖ್ಯೆಯೊಂದಕ್ಕೇ ಈ ಕಟ್ಟು ಹಾಕಿದರೆ ಆ ಮಗುವಿಗೆ ಮರುವರ್ಷ ಏನೂ ದೊರೆಯದು. ಯಾವುದು ಪುನರಾವೃತ್ತಿ, ಯಾವುದು ಅಲ್ಲವೆಂಬ ನಿರ್ಣಯವು ಮನುಷ್ಯನದೇ.

ಒಂದೇ ಮಗುವನ್ನು ಎರಡು ಸಲ ಸೇರಿಸಿ ಎರಡು ಸಂಖ್ಯೆ ಕೊಟ್ಟಿದ್ದರೆ ಈ ನಿಯಮವೂ ಕೈಲಾಗದು. ದೇಶಕ್ಕೇ ಇದೇ ಸಮಸ್ಯೆ ಎದುರಾದುದರಿಂದ, 2010ರಲ್ಲಿ ವಿತರಣೆ ಆರಂಭವಾದ ಆಧಾರ್ ಸಂಖ್ಯೆಗೆ ಬೆರಳಚ್ಚು ಮತ್ತು ಕಣ್ಣಿನ ಗುರುತುಗಳನ್ನು ಹೋಲಿಸುವ ಏರ್ಪಾಡಾಯಿತು. ಶಾಲೆಯಲ್ಲಿ ಜನ್ಮದಿನ, ತಂದೆತಾಯಿಯರ ಹೆಸರು, ಮನೆಯ ಹೆಸರುಗಳನ್ನು ಹೋಲಿಸುವುದುಂಟು. ಆದರೆ ಅವಳಿ ಮಕ್ಕಳಿಗೆ ಇವೆಲ್ಲವೂ ಒಂದೇ ಆಗಿರಬಹುದು! ಆದುದರಿಂದ ವಿಚಾರಿಸದೆ ಎರಡು ದಾಖಲೆಗಳನ್ನು ಒಂದುಗೂಡಿಸಬಾರದು. ಒಂದುಗೂಡಿಸುವಾಗಲೂ ಹೆಚ್ಚಿನ ದಾಖಲೆಗೆ ಸೇರಿದ ಅಂಕಗಳನ್ನೂ ವೇತನಗಳನ್ನೂ ಮೊದಲು ಉಳಿಯುವ ಸಂಖ್ಯೆಗೆ ವರ್ಗಾಯಿಸಿ, ಅನಂತರವೇ ಅದನ್ನು ಅಳಿಸತಕ್ಕದ್ದು.

ಈ ಕಾರ್ಯದಲ್ಲಿ ಪಾಲಕರ ಪಾತ್ರವೂ ಹಿರಿದು. ಜನನಪತ್ರದಲ್ಲಿರುವಂತೆಯೇ ಹೆಸರನ್ನು ಎಲ್ಲೆಡೆ ಬರೆಯಿಸಿ, ಪ್ರವೇಶ ಸಂಖ್ಯೆಯನ್ನು ಜೋಪಾನವಾಗಿರಿಸಿದರೆ, ತಮ್ಮ ಮಗುವಿಗೆ ಸಲ್ಲತಕ್ಕದ್ದು ಸಲ್ಲುವುದು. ನೆರೆಮನೆಯ ಮಗುವಿನ ಪಾಲೂ ಉಳಿಯುವುದು.