ರೇಡಿಯೊ ಕೇಳಿಸಲಿ, ಫೋನು ಮಾತಾಡಿಸಲಿ

ಕಲಬುರಗಿಯಿಂದ ಹುಮನಾಬಾದ್ ಬಸ್ ಹಿಡಿದು ಮಹಾಗಾಂವ ಕ್ರಾಸ್ ದಾಟಿದರೆ ಸ್ವಲ್ಪ ಹೊತ್ತಿಗೆ ಕಮಲಾಪುರ ಬರುತ್ತದೆ. ನಗರದಿಂದ ಸುಮಾರು 35 ಕಿಲೋಮೀಟರ್. ಇಲ್ಲಿನ ಕೆಂಪು ಬಾಳೆಹಣ್ಣಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಮೊದಲು ಕಲಬುರಗಿ ತಾಲ್ಲೂಕಿಗೆ ಸೇರಿದ್ದ ಊರಿದು. 2017ರ ಬಜೆಟ್ಟಿನಲ್ಲಿ ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ಇದರ ಹೆಸರೂ ಬಂತು. ಈ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಮನೆ ಕಲಬುರಗಿಯಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುವುದರಿಂದ ಮಕ್ಕಳ ತಾಯಂದಿರು, ಅಜ್ಜಿಯರು, ಹಣ್ಣು ಮಾರುವವರು ಎಲ್ಲರೂ ಪರಿಚಯ. ಅವರೆಲ್ಲ ಒಂದೇ ಮಾತು ಹೇಳುತ್ತಾರೆ: “ಅಕ್ಕೋರೆ, ನಮ್ಮ ಹುಡುಗರಿಗಿ ಇಂಗ್ಲಿಷ್ ಕಲಿಸ್ರಿ. ನಮಗಂತೂ ಎಲ್ಲಿ ಬರ್ತದ ಬಿಡ್ರಿ.”

ನನಗೆ ಬರುವುದಿಲ್ಲ ಎನ್ನುವ ಆ ತಾಯಿ ಅದೇ ಬಸ್ಸಿನಲ್ಲಿ ಕಂಡಕ್ಟರ್ ಹತ್ತಿರ ಟಿಕೆಟ್ ತಗೊಂಡಿರುತ್ತಾಳೆ, ಆಧಾರ್ ಕಾರ್ಡ್ ತೋರಿಸಿರುತ್ತಾಳೆ. ಅತ್ತೆಯ ಬಿಪಿ, ಶುಗರ್, ಸೊಸೆಯ ಸ್ಕ್ಯಾನಿಂಗ್, ಮಗನ ಅಡ್ಮಿಷನ್, ಬ್ಯಾಂಕಿನ ಪಾಸ್‌ಬುಕ್, ಫೋನಿಗೆ ಬಂದ ಓಟಿಪಿ ಇವೆಲ್ಲವೂ ಅವಳ ಮಾತಿನಲ್ಲಿ ಸಲೀಸಾಗಿ ಬರುತ್ತವೆ. ನೂರಾರು ಇಂಗ್ಲಿಷ್ ಪದ ಆಕೆಯ ನಾಲಿಗೆಯಲ್ಲಿ ಈಗಾಗಲೇ ಇವೆ. ಆ ಪದಗಳನ್ನು ಒಂದು ವಾಕ್ಯವಾಗಿ ಕೂಡಿಸುವುದನ್ನು ಯಾರೂ ಆಕೆಗೆ ಹೇಳಿಕೊಟ್ಟಿಲ್ಲ; ಕೂಡಿಸಿ ಆಡಿದರೆ ನಗದೆ ಕೇಳುವವರೂ ಇಲ್ಲ. ಹಳ್ಳಿಯಲ್ಲಿ ಇಂಗ್ಲಿಷ್ ಕಲಿಕೆಗೆ ಇರುವ ದೊಡ್ಡ ಅಡ್ಡಿ ಇದೇ ಎಂದು ನಾನು ನಂಬಿದ್ದೇನೆ.

ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಇದೆ. ಹಾಗಿದ್ದೂ ಹತ್ತನೆಯ ತರಗತಿಗೆ ಬಂದ ಎಷ್ಟೋ ಮಕ್ಕಳು ಪ್ರಶ್ನೋತ್ತರ ಬಾಯಿಪಾಠ ಮಾಡಿ ಬರೆಯುತ್ತಾರೆ, ಒಂದು ವಾಕ್ಯ ಆಡೆಂದರೆ ತಲೆ ತಗ್ಗಿಸುತ್ತಾರೆ. ಅವರ ಮನೆಯನ್ನು ನೋಡಿದರೆ ಕಾರಣ ತಿಳಿಯುತ್ತದೆ. ತಾಂಡಾದ ಹುಡುಗಿಗೆ ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ. ಇನ್ನೊಬ್ಬ ಹುಡುಗನ ಮನೆಯಲ್ಲಿ ದಖನಿ ಉರ್ದು. ಎರಡು ಮೂರು ಭಾಷೆಗಳನ್ನು ಕಿವಿಯಿಂದಲೇ ಕಲಿತ ಜಾಣ ಮಕ್ಕಳು ಇವರು. ಇಂಗ್ಲಿಷ್ ಮಾತ್ರ ಅವರಿಗೆ ಕಿವಿಗಿಂತ ಮೊದಲು ಕಣ್ಣಿಗೆ ಬಂತು, ಪುಸ್ತಕದ ಅಕ್ಷರವಾಗಿ. ಬೇರೆ ಭಾಷೆಗಳನ್ನು ಕಲಿತ ದಾರಿಯಲ್ಲೇ ಇದನ್ನೂ ಕಲಿಸಬೇಕಾದರೆ ಮೊದಲು ಕಿವಿಗೆ ಮುಟ್ಟಿಸಬೇಕು. ಅದಕ್ಕೆ ನಮ್ಮ ಭಾಗದಲ್ಲಿ ಹಳೆಯದೊಂದು ಸಾಧನವಿದೆ, ರೇಡಿಯೊ.

ಕಲಬುರಗಿ ಆಕಾಶವಾಣಿ ಕೇಂದ್ರ ಶುರುವಾದದ್ದು 1966ರಲ್ಲಿ. ತೊಗರಿ ಹೊಲದ ಬದುವಿನ ಮೇಲೆ, ಹೋಟೆಲಿನ ಕಟ್ಟೆಯ ಮೇಲೆ ಇಟ್ಟ ರೇಡಿಯೊದಿಂದ ನಮ್ಮ ಹಿರಿಯರು ಬಿತ್ತನೆ, ಔಷಧ, ಹವಾಮಾನ ತಿಳಿದುಕೊಂಡರು. ಓದು ಬಾರದವರಿಗೂ ಅದು ಪಾಠ ಹೇಳಿತು. ಭಾಷೆ ಕಲಿಸುವುದಕ್ಕೂ ರೇಡಿಯೊ ಬಹಳ ಹಿಂದಿನಿಂದ ಬಳಕೆಯಲ್ಲಿದೆ. ಬಿಬಿಸಿ ಸಂಸ್ಥೆ ರೇಡಿಯೊ ಮೂಲಕ ಇಂಗ್ಲಿಷ್ ಪಾಠ ಆರಂಭಿಸಿದ್ದು 1943ರಲ್ಲಿ, ಎರಡನೇ ಮಹಾಯುದ್ಧ ನಡೆಯುತ್ತಿರುವಾಗ.

ಆದರೆ ಅಂಥ ಪಾಠದಲ್ಲಿ ರೇಡಿಯೊ ಮಾತಾಡುತ್ತಿತ್ತು, ಜನ ಕೇಳುತ್ತಿದ್ದರು. 1974ರ ಸುಮಾರಿಗೆ ನಿಕರಾಗುವಾ ದೇಶದಲ್ಲಿ ಮಕ್ಕಳಿಗೆ ರೇಡಿಯೊದಲ್ಲಿ ಗಣಿತ ಕಲಿಸಲು ಹೊರಟವರು ಒಂದು ಸಣ್ಣ ಬದಲಾವಣೆ ತಂದರು. ರೇಡಿಯೊದ ದನಿ ಪ್ರಶ್ನೆ ಕೇಳಿ ಸುಮ್ಮನಾಗುತ್ತಿತ್ತು. ಆ ಕೆಲವು ಸೆಕೆಂಡುಗಳಲ್ಲಿ ತರಗತಿಯ ಮಕ್ಕಳೆಲ್ಲ ಗಟ್ಟಿಯಾಗಿ ಉತ್ತರ ಹೇಳಬೇಕು. ಆಮೇಲೆ ರೇಡಿಯೊ ಸರಿಯುತ್ತರ ಹೇಳುತ್ತಿತ್ತು. 1980ರಲ್ಲಿ ಕೀನ್ಯಾದಲ್ಲಿ ಶುರುವಾದ ಯೋಜನೆಯೊಂದು ಇದೇ ಕ್ರಮದಲ್ಲಿ ಒಂದರಿಂದ ಮೂರನೇ ತರಗತಿಯ ಹಳ್ಳಿ ಮಕ್ಕಳಿಗೆ ಇಂಗ್ಲಿಷ್ ಕಲಿಸಿತು. ದಿನಕ್ಕೆ ಅರ್ಧ ಗಂಟೆಯ ಪಾಠ, ಅದರೊಳಗೆ ಮಕ್ಕಳು ಬಾಯಿ ಬಿಡಲೇಬೇಕಾದ ಹತ್ತಾರು ಬಿಡುವು. ಪರೀಕ್ಷಿಸಿ ನೋಡಿದಾಗ, ಕೇಳಿ ಅರ್ಥ ಮಾಡಿಕೊಳ್ಳುವುದರಲ್ಲಿ ರೇಡಿಯೊ ಪಾಠ ಕೇಳಿದ ಮಕ್ಕಳು ಉಳಿದವರಿಗಿಂತ ಸ್ಪಷ್ಟವಾಗಿ ಮುಂದಿದ್ದರು. ರೇಡಿಯೊ ಸುಮ್ಮನಿರುವ ಆ ಕೆಲವು ಸೆಕೆಂಡೇ ನಿಜವಾದ ಪಾಠ ಎಂಬುದನ್ನು ನಾನು ಇದರಿಂದ ಕಲಿತೆ.

ನಮ್ಮ ರಾಜ್ಯದಲ್ಲೂ ಇಂಥ ಕೆಲಸ ನಡೆದಿದೆ. ಈ ಶತಮಾನದ ಮೊದಲ ದಶಕದಲ್ಲಿ ‘ಕೇಳಿ ಕಲಿ’, ‘ಚಿನ್ನರ ಚುಕ್ಕಿ’, ‘ಚುಕ್ಕಿ ಚಿನ್ನ’ ಕಾರ್ಯಕ್ರಮಗಳು ಆಕಾಶವಾಣಿಯ ಮೂಲಕ ಪ್ರಾಥಮಿಕ ಶಾಲೆಗಳಿಗೆ ಬರುತ್ತಿದ್ದವು. ಹಾಡು, ಕಥೆ, ಆಟ ಸೇರಿಸಿ ಮಾಡಿದ ಚಂದದ ಪಾಠಗಳು. ಆದರೆ ಬಾನುಲಿಯ ಪಾಠಕ್ಕೆ ಎರಡು ಮಿತಿಗಳಿವೆ. ಆ ಹೊತ್ತಿಗೆ ಕೇಳದಿದ್ದರೆ ಪಾಠ ಹೋಯಿತು. ಇನ್ನೊಂದು ಇದಕ್ಕಿಂತ ದೊಡ್ಡದು: ಮಗು ಕೊಟ್ಟ ಉತ್ತರ ರೇಡಿಯೊಗೆ ಕೇಳಿಸುವುದಿಲ್ಲ. ತಪ್ಪಿದರೆ ತಿದ್ದಲಾರದು, ಸರಿ ಹೇಳಿದರೆ ಬೆನ್ನು ತಟ್ಟಲಾರದು.

ಉತ್ತರ ವಾಪಸ್ ಬರುವ ದಾರಿಯನ್ನು ತೆರೆದದ್ದು ಮೊಬೈಲ್. 2009ರ ನವೆಂಬರಿನಲ್ಲಿ ಬಾಂಗ್ಲಾದೇಶದಲ್ಲಿ ‘ಬಿಬಿಸಿ ಜಾನಾಲಾ’ ಎಂಬ ಸೇವೆ ಶುರುವಾಯಿತು. ಯಾವುದೇ ಸಾದಾ ಫೋನಿನಿಂದ 3000ಕ್ಕೆ ಕರೆ ಮಾಡಿದರೆ ಮೂರು ನಿಮಿಷದ ಇಂಗ್ಲಿಷ್ ಪಾಠ ಕೇಳಬಹುದಿತ್ತು, ಬೇಕಾದಾಗ, ಬೇಕಾದಷ್ಟು ಸಲ. ಆಮೇಲೆ ವಾಟ್ಸ್‌ಆ್ಯಪ್‌ನಲ್ಲಿ ದನಿ ಕಳಿಸುವ ಸೌಲಭ್ಯ 2013ರಲ್ಲಿ ಬಂತು. 2016ರಲ್ಲಿ ಜಿಯೊ ಬಂದ ಮೇಲೆ ಡೇಟಾ ಅಗ್ಗವಾಗಿ, ನಮ್ಮ ತಾಂಡಾಗಳಿಗೂ ಸ್ಮಾರ್ಟ್‌ಫೋನ್ ತಲುಪಿತು. 2020ರ ಮಾರ್ಚಿನಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ನಾನು ಮಕ್ಕಳ ಮನೆಯ ನಂಬರುಗಳನ್ನು ಸೇರಿಸಿ ಒಂದು ವಾಟ್ಸ್‌ಆ್ಯಪ್ ಗುಂಪು ಮಾಡಿ, ದನಿಯಲ್ಲಿ ಪಾಠ ಕಳಿಸತೊಡಗಿದೆ. ಶಾಲೆ ತೆರೆದ ಮೇಲೂ ಅದನ್ನು ನಿಲ್ಲಿಸಲಿಲ್ಲ, ಏಕೆಂದರೆ ಅಷ್ಟೊತ್ತಿಗೆ ಮಕ್ಕಳ ಜೊತೆ ಅವರ ತಾಯಂದಿರೂ ಉತ್ತರ ಕಳಿಸತೊಡಗಿದ್ದರು.

ಆ ಪಾಠದ ಕ್ರಮ ಸರಳ. ಹಗಲಲ್ಲಿ ಫೋನು ಅಪ್ಪನ ಜೇಬಿನಲ್ಲಿ ಹೊಲಕ್ಕೆ ಹೋಗಿರುತ್ತದೆ. ಆದ್ದರಿಂದ ಪಾಠ ರಾತ್ರಿ ಊಟದ ಹೊತ್ತಿಗೆ. ಒಂದು ಒಂದೂವರೆ ನಿಮಿಷದ ದನಿ, ಅಷ್ಟೇ. ಮೊದಲು ನಮ್ಮ ಕಲಬುರಗಿ ಕನ್ನಡದಲ್ಲಿ ಸಂದರ್ಭ ಹೇಳುತ್ತೇನೆ: “ಹೈವೇ ಮ್ಯಾಲ ಹೈದರಾಬಾದ್ ಗಾಡಿ ನಿಂತದ. ಒಳಗಿದ್ದವ್ರು ಬಾಳಿಹಣ್ಣಿನ ರೇಟ್ ಕೇಳ್ಲತ್ತಾರ.” ಆಮೇಲೆ ಇಂಗ್ಲಿಷಿನಲ್ಲಿ “ಹೌ ಮಚ್ ಈಸ್ ಇಟ್?” ಎಂದು ಎರಡು ಸಲ. “ಏಯ್ಟಿ ರುಪೀಸ್ ಎ ಡಜನ್” ಎಂದು ಎರಡು ಸಲ. ಸ್ವಲ್ಪ ಹೊತ್ತು ಸುಮ್ಮನಿರುತ್ತೇನೆ. ಕೊನೆಗೆ, “ಈಗ ನೀವು ಹೇಳ್ರಿ.” ಬಿಡುವು ಅಲ್ಲಿಂದ ಶುರು. ಕೀನ್ಯಾದ ಮಕ್ಕಳಿಗೆ ಕೆಲವೇ ಸೆಕೆಂಡು ಸಿಗುತ್ತಿತ್ತು. ಇಲ್ಲಿ ಮರುದಿನ ಬೆಳಗಿನವರೆಗೂ ಸಮಯ ಇದೆ. ನಾಲ್ಕು ಸಲ ಕೇಳಿ, ಮೂರು ಸಲ ಅಳಿಸಿ, ಧೈರ್ಯ ಬಂದ ಮೇಲೆ ಕಳಿಸಬಹುದು. ಉತ್ತರದ ಕೊನೆಗೆ ಮೆಲ್ಲಗೆ ಒಂದು ಪ್ರಶ್ನೆ ಇದ್ದೇ ಇರುತ್ತದೆ: “ನಾ ಅಂದಿದ್ದು ಖರೆ ಅದ ಏನ್ರಿ ಟೀಚರ್?”

ಏನನ್ನು ಕಲಿಸಬೇಕು ಎಂಬುದನ್ನು ಜನರ ದಿನದ ಬದುಕೇ ಹೇಳುತ್ತದೆ. ಕಲಬುರಗಿಯ ದವಾಖಾನೆಯಿಂದ ಮಾತ್ರೆ ತಂದ ಅಜ್ಜಿಗೆ “ಬಿಫೋರ್ ಫುಡ್”, “ಆಫ್ಟರ್ ಫುಡ್”, “ಟ್ವೈಸ್ ಎ ಡೇ” ಬೇಕು. 2023ರಲ್ಲಿ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಬರತೊಡಗಿದ ಮೇಲೆ ಹೆಣ್ಣುಮಕ್ಕಳ ಫೋನಿಗೆ ಬ್ಯಾಂಕಿನ ಸಂದೇಶ ಇಂಗ್ಲಿಷಿನಲ್ಲಿ ಬಂತು. “ಕ್ರೆಡಿಟೆಡ್” ಅಂದರೆ ದುಡ್ಡು ಬಂದದ್ದು, “ಡೆಬಿಟೆಡ್” ಅಂದರೆ ಹೋದದ್ದು, “ಡು ನಾಟ್ ಶೇರ್” ಅಂದರೆ ಯಾರಿಗೂ ಹೇಳಬಾರದ್ದು. ಇಷ್ಟು ಗೊತ್ತಿದ್ದರೆ ಮೋಸದ ಕರೆ ಬಂದಾಗ ಹೆಣ್ಣುಮಗಳು ಓಟಿಪಿ ಹೇಳದೆ ಫೋನು ಇಡುತ್ತಾಳೆ. ಪುಣೆಗೆ, ಮುಂಬೈಗೆ, ಹೈದರಾಬಾದಿಗೆ ಗುಳೆ ಹೋದ ಯುವಕರಿಗೆ ಕೂಲಿಯ ದರ, ಕೆಲಸದ ಸಮಯ ಕೇಳುವ ವಾಕ್ಯ ಬೇಕು. ಡಿಗ್ರಿ ಓದುವವರಿಗೆ ಸಂದರ್ಶನದಲ್ಲಿ ತಮ್ಮ ಪರಿಚಯ ಹೇಳುವುದು ಬೇಕು. ಕಲಿತ ಮಾತು ಆ ವಾರದಲ್ಲೇ ಒಂದು ಸಲ ಉಪಯೋಗಕ್ಕೆ ಬಂದರೆ ಅದು ಮತ್ತೆ ಮರೆಯುವುದಿಲ್ಲ.

ಬರಹ ಬಿಟ್ಟು ದನಿಯನ್ನೇ ಆರಿಸಿಕೊಂಡದ್ದಕ್ಕೆ ಕಾರಣಗಳಿವೆ. 2011ರ ಜನಗಣತಿಯ ಪ್ರಕಾರ ಕಲಬುರಗಿ ಜಿಲ್ಲೆಯಲ್ಲಿ ಅಕ್ಷರ ಬಲ್ಲವರು ಶೇ 65ರಷ್ಟು. ಇಡೀ ರಾಜ್ಯದಲ್ಲಿ ಶೇ 75. ಓದು ಬರೆಹ ಬಾರದ ತಾಯಿಯೂ ದನಿ ಕಳಿಸಬಲ್ಲಳು. ನಿಮಿಷದ ದನಿಗೆ ಕಿಲೋಬೈಟುಗಳ ಲೆಕ್ಕದಲ್ಲಿ ಡೇಟಾ ಸಾಕು. ವಿಡಿಯೊಗಾದರೆ ಮೆಗಾಬೈಟುಗಳೇ ಬೇಕು. ಸಿಗ್ನಲ್ ಸರಿಯಿಲ್ಲದ ಕಡೆಯೂ ದನಿ ಹೋಗಿ ಮುಟ್ಟುತ್ತದೆ.

ಗುಂಪಿಗೆ ಕಟ್ಟುನಿಟ್ಟೂ ಬೇಕು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರ ನಂಬರು ಎಲ್ಲರಿಗೂ ಕಾಣುತ್ತದೆ. ಗೊತ್ತಿಲ್ಲದವರು ಮನೆಯ ಹೆಣ್ಣುಮಕ್ಕಳಿಗೆ ಮೆಸೇಜು ಮಾಡಿದರೆ ಎಂಬ ಭಯಕ್ಕೆ ಎಷ್ಟೋ ಮನೆಯವರು ಫೋನನ್ನೇ ಕಸಿದುಕೊಳ್ಳುತ್ತಾರೆ. ಆದ್ದರಿಂದ ಹೆಣ್ಣುಮಕ್ಕಳಿಗೆ ಪಾಠವನ್ನು ಬ್ರಾಡ್‌ಕಾಸ್ಟ್ ಲಿಸ್ಟ್ ಮೂಲಕ ಕಳಿಸುತ್ತೇನೆ. ಅದರಲ್ಲಿ ಒಬ್ಬರ ನಂಬರು ಇನ್ನೊಬ್ಬರಿಗೆ ಕಾಣದು, ಉತ್ತರವೂ ನನಗೊಬ್ಬಳಿಗೇ ಬರುತ್ತದೆ. ಅವರ ಒಪ್ಪಿಗೆ ಇಲ್ಲದೆ ಯಾರ ದನಿಯನ್ನೂ ಬೇರೆಯವರಿಗೆ ಫಾರ್ವರ್ಡ್ ಮಾಡುವುದಿಲ್ಲ. ನಾಲ್ಕು ಜನರ ಮುಂದೆ ನಾಚಿಕೊಳ್ಳುವ ಹುಡುಗಿ ಒಬ್ಬರೇ ಕೇಳುತ್ತಾರೆಂದರೆ ಧೈರ್ಯವಾಗಿ ಮಾತಾಡುತ್ತಾಳೆ.

ತಿದ್ದುವುದರಲ್ಲಿ ನಾನು ನಿಧಾನಿ. ಕನ್ನಡದಲ್ಲಿ ಬಹುಪಾಲು ಮಾತು ಸ್ವರದಲ್ಲಿ ಮುಗಿಯುವುದರಿಂದ ನಮ್ಮವರು ‘ಬಸ್ಸು’ ಎನ್ನುತ್ತಾರೆ; ಒತ್ತಕ್ಷರದಿಂದ ಮಾತು ಶುರುಮಾಡುವುದು ತೊಡಕಾಗಿ ‘ಇಸ್ಕೂಲ್’ ಎನ್ನುತ್ತಾರೆ. ಎದುರಿನವರಿಗೆ ಅರ್ಥವಾಗುತ್ತದೆ, ಅದನ್ನು ಬಿಟ್ಟುಬಿಡುತ್ತೇನೆ. ಕ್ರಿಯಾಪದ ನಮ್ಮಲ್ಲಿ ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ನಡುವೆ. “ಐ ಬನಾನಾ ಸೆಲ್” ಎಂದವರಿಗೆ “ಐ ಸೆಲ್ ಬನಾನಾಸ್” ಎಂದು ನನ್ನ ದನಿಯಲ್ಲಿ ಹೇಳಿ ಕಳಿಸುತ್ತೇನೆ, ತಪ್ಪು ಎಂಬ ಮಾತು ಎತ್ತುವುದಿಲ್ಲ. ಎರಡು ಮೂರು ಸಲ ಕೇಳಿದ ಕಿವಿ ತಾನೇ ತಿದ್ದಿಕೊಳ್ಳುತ್ತದೆ.

ಹಾಗಾದರೆ ಫೋನೊಂದೇ ಸಾಲದೆ, ರೇಡಿಯೊ ಯಾಕೆ ಎಂದು ಕೇಳುವವರಿದ್ದಾರೆ. ಫೋನಿನಲ್ಲಿ ಪಾಠದ ಪಕ್ಕದಲ್ಲೇ ರೀಲ್ಸ್ ಇವೆ, ಮೂವತ್ತು ದಿನದಲ್ಲಿ ಇಂಗ್ಲಿಷ್ ಎಂದು ದುಡ್ಡು ಕೇಳುವ ಜಾಹೀರಾತುಗಳಿವೆ. ಸ್ಮಾರ್ಟ್‌ಫೋನ್ ಇಲ್ಲದ ಮನೆಗಳು ಇನ್ನೂ ಇವೆ. ರೇಡಿಯೊಗೆ ನಿಗದಿತ ಹೊತ್ತಿದೆ, ನಂಬಿಕೆಯ ದನಿಯಿದೆ. ರೊಟ್ಟಿ ಬಡಿಯುತ್ತ, ಬೀಡಿ ಕಟ್ಟುತ್ತ, ಎಮ್ಮೆ ಹಿಂಡುತ್ತ ಮನೆಮಂದಿಯೆಲ್ಲ ಒಟ್ಟಿಗೆ ಕೇಳಬಹುದು. ಮಗಳು ಕಲಿಯುವುದನ್ನು ಅಪ್ಪನೂ ಕೇಳಿದಾಗ ಆ ಕಲಿಕೆಗೆ ಮನೆಯಲ್ಲಿ ಮರ್ಯಾದೆ ಸಿಗುತ್ತದೆ.

ಸ್ಥಳೀಯ ರೇಡಿಯೊಗೆ ಕಾನೂನಿನ ದಾರಿಯೂ ಇದೆ. ಗಾಳಿಯ ತರಂಗ ಸಾರ್ವಜನಿಕರ ಆಸ್ತಿ ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2006ರ ನೀತಿಯಿಂದ ಸ್ವಯಂಸೇವಾ ಸಂಸ್ಥೆಗಳೂ ಸಮುದಾಯ ರೇಡಿಯೊ ನಡೆಸುವಂತಾಯಿತು. ಬೀದರ್ ಗಡಿಯಾಚೆ, ಜಹೀರಾಬಾದ್ ಹತ್ತಿರದ ಮಾಚನೂರಿನಲ್ಲಿ 2008ರಲ್ಲಿ ಆರಂಭವಾದ ಸಂಘಂ ರೇಡಿಯೊವನ್ನು ದಲಿತ ಹೆಣ್ಣುಮಕ್ಕಳೇ ನಡೆಸಿ ತೋರಿಸಿದರು. ಕಲಬುರಗಿ ನಗರದಲ್ಲಿ ಶರಣಬಸವೇಶ್ವರ ವಿದ್ಯಾವರ್ಧಕ ಸಂಘದ ‘ಅಂತರವಾಣಿ’ ಸಮುದಾಯ ರೇಡಿಯೊ ಇದೆ. ಆದರೆ ಸಮುದಾಯ ರೇಡಿಯೊಗೆ ಸಾಮಾನ್ಯವಾಗಿ ಸಿಗುವ ಅನುಮತಿ 100 ವ್ಯಾಟ್ ಶಕ್ತಿಯದು. ಅದರ ದನಿ ಹತ್ತು ಹದಿನೈದು ಕಿಲೋಮೀಟರ್ ಮುಟ್ಟಿದರೆ ಹೆಚ್ಚು. ನಗರದ ಸಮುದಾಯ ರೇಡಿಯೊ ಕಮಲಾಪುರದ ತಾಂಡಾಕ್ಕೆ ಕೇಳಿಸದು. ಅಷ್ಟು ದೂರ ಮುಟ್ಟುವುದು ಆಕಾಶವಾಣಿ. ಅಲ್ಲಿಂದ ಉತ್ತರ ವಾಪಸ್ ತರುವ ಕೆಲಸವನ್ನು ಫೋನು ಮಾಡಬೇಕು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಸಂಜೆ ಹದಿನೈದು ನಿಮಿಷ ನಮ್ಮ ಭಾಗದ ಬಾನುಲಿಯಲ್ಲಿ ಇಂಗ್ಲಿಷ್ ಪಾಠ ಬರಲಿ. ಅದನ್ನು ಇಲ್ಲಿನ ಶಿಕ್ಷಕರು ಇಲ್ಲಿನ ಕನ್ನಡದಲ್ಲೇ ಬರೆಯಲಿ. ವಾರಕ್ಕೊಂದು ದಿನ ಲಂಬಾಣಿಯಲ್ಲಿ, ಒಂದು ದಿನ ದಖನಿಯಲ್ಲಿ ವಿವರಿಸಲಿ. ಪಾಠದ ನಡುವೆ ಕೇಳುಗರು ಬಾಯಿ ತೆರೆಯಲು ಬಿಡುವಿರಲಿ. ಅದೇ ಪಾಠ ತುಣುಕುಗಳಾಗಿ ವಾಟ್ಸ್‌ಆ್ಯಪ್‌ಗೆ ಬರಲಿ. ಫೋನಿಲ್ಲದವರು ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಕೂತು ಕೇಳಲಿ, ಅಲ್ಲಿಂದಲೇ ದನಿ ಕಳಿಸಲಿ. ಬಂದ ಉತ್ತರಗಳಲ್ಲಿ ಕೆಲವನ್ನು, ಕಳಿಸಿದವರ ಒಪ್ಪಿಗೆ ಪಡೆದು, ಮರುದಿನ ಬಾನುಲಿಯಲ್ಲಿ ಕೇಳಿಸಲಿ. ತನ್ನೂರಿನ ಹೆಣ್ಣುಮಗಳೊಬ್ಬಳು ರೇಡಿಯೊದಲ್ಲಿ ಇಂಗ್ಲಿಷ್ ಮಾತಾಡಿದ್ದನ್ನು ಕೇಳಿದ ಇನ್ನೊಬ್ಬಳು “ನನಗೂ ಬರ್ತದ” ಎನ್ನುವುದು ಖಂಡಿತ.

ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಆಕಾಶವಾಣಿ ಇದೆ, ಫೋನು ಇದೆ, ಅರಿವು ಕೇಂದ್ರ ಇದೆ, ಕಲಿಸಲು ಸಿದ್ಧರಿರುವ ಶಿಕ್ಷಕರಿದ್ದೇವೆ. ಇವನ್ನು ಜೋಡಿಸುವ ಮನಸ್ಸು ಶಿಕ್ಷಣ ಇಲಾಖೆಗೂ ಆಕಾಶವಾಣಿಗೂ ಬರಬೇಕು. ಅವರು ಕರೆದ ದಿನ ಪಾಠ ಬರೆದುಕೊಂಡು ಹೋಗಲು ನಾನು ಸಿದ್ಧ. ನನ್ನಂಥ ಶಿಕ್ಷಕರು ಈ ಜಿಲ್ಲೆಯ ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ.